ಬೆನ್ನು ನೋವಿಗೆ ಬಂಗಾರ ಅಡವಿಡುವ ಮುನ್ನ



ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದಾಗ ಒಬ್ಬ ತಾಯಿ ಹಿಂದೆಯೇ ಉಳಿದರು. ಕೈಯಲ್ಲಿ ಸ್ಕ್ಯಾನಿಂಗ್ ಫಿಲಂ ಇದ್ದ ದೊಡ್ಡ ಚೀಲ. "ಅಣ್ಣಾರ, ಬೆನ್ನಾನ ಗಾದಿ ಸವದದ ಅಂತ ಬರದಾರ್ರಿ. ಆಪರೇಷನ್‌ಗೆ ಬಂಗಾರ ಅಡವ ಇಡೂಣು ಅಂತಾರ ಮನ್ಯಾಗ. ಏನ್ ಮಾಡ್ಲಿ?" ಎಂದರು. ಎರಡು ವರ್ಷದಲ್ಲಿ ಆಕೆ ಎಣ್ಣೆ ತಿಕ್ಕಿಸಿಕೊಂಡಿದ್ದರು, ತಾಯತ ಕಟ್ಟಿಸಿಕೊಂಡಿದ್ದರು, ಬೆಲ್ಟ್ ಹಾಕಿದ್ದರು, ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು. ಆದರೆ ಕೂರಿಸಿಕೊಂಡು ನೋವಿನ ವಿಷಯ ತಿಳಿಹೇಳಿದವರು ಒಬ್ಬರೂ ಇರಲಿಲ್ಲ.

ಸ್ಕ್ಯಾನಿಂಗ್‌ನಲ್ಲಿ 'ಸವೆತ' ಎಂದು ಬರೆದ ಮಾತ್ರಕ್ಕೆ ಅದೇ ನೋವಿನ ಮೂಲ ಎನ್ನಲಾಗದು. ಬೆನ್ನು ನೋವೇ ಇಲ್ಲದವರ ಸ್ಕ್ಯಾನಿಂಗ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಐವತ್ತರ ವಯಸ್ಸಿನ ನೂರರಲ್ಲಿ ಸುಮಾರು 80 ಮಂದಿಗೆ ಇಂಥದೇ ಸವೆತ ಕಂಡಿತ್ತು. ವಯಸ್ಸಾದಂತೆ ಕೂದಲು ನೆರೆಯುವ ಹಾಗೆ ಇದೂ ಒಂದು. ಆ ಕಾಗದ ನೋಡಿ ಹೆದರಿ ಹಾಸಿಗೆ ಹಿಡಿದರೆ ಸೊಂಟದ ಸ್ನಾಯುಗಳು ಸೋಲುತ್ತವೆ, ನೋವು ಮತ್ತೂ ಗಟ್ಟಿಯಾಗುತ್ತದೆ.

ಮೂರು ತಿಂಗಳು ಮೀರಿದ ಸೊಂಟ ನೋವಿಗೆ ಏನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ರೋಗಿಗೆ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಮನಸ್ಸಿನ ಭಯ-ಚಿಂತೆಗೆ ಆಸರೆ, ಬೇಕಾದಾಗ ಕೆಲವು ನೋವಿನ ಮಾತ್ರೆ. ಇವನ್ನು ಅದು ಒಪ್ಪಿದೆ. ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಫೀಮು ವರ್ಗದ ನೋವಿನ ಔಷಧಿ ಇವನ್ನು ವಾಡಿಕೆಯಾಗಿ ಕೊಡುವುದು ಬೇಡ ಎಂದಿದೆ. ನೋವಿನ ಮಾತ್ರೆಯನ್ನೂ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿ ತಿಂದ ಮರುದಿನವೇ ನೋವು ಮಾಯವಾದರೆ, ಅದರಲ್ಲಿ ಸ್ಟೆರಾಯ್ಡ್ ಬೆರೆಸಿರಬಹುದೆಂದು ಸಂಶಯಪಡಿ.

ಹಾಗೆಂದು ಶಸ್ತ್ರಚಿಕಿತ್ಸೆಯೇ ತಪ್ಪಲ್ಲ. ಮಲ-ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತ ಹೋದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಮುಚ್ಚಿಡಬಾರದು. ಬೆನ್ನೆಲುಬಿನ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ.

ಉಳಿದವರು ಆಪರೇಷನ್‌ಗೆ ಒಪ್ಪುವ ಮುನ್ನ ನಾಲ್ಕು ಮಾತು ಕೇಳಲಿ. ಇದರಿಂದ ಕಾಲಿನ ಸೆಳೆತ ಹೋಗುತ್ತದೆಯೋ, ಬೆನ್ನಿನ ನೋವೋ? ಮಾಡಿಸದಿದ್ದರೆ ಏನಾಗುತ್ತದೆ? ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ? ಒಟ್ಟು ಖರ್ಚೆಷ್ಟು? ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡುವ ಅವಮಾನವಲ್ಲ. ಪ್ರಶ್ನಿಸಿ ಒಪ್ಪುವುದು ಶರಣರು ಕಲಿಸಿದ ದಾರಿಯೇ.

ಇನ್ನು ಮನೆಯವರಿಗೆ ಒಂದು ಮಾತು. ಆ ತಾಯಿ ಬೆಳಗ್ಗೆ ಎರಡೆರಡು ಕೊಡ ನೀರು ಹೊತ್ತು, ಹಗಲೆಲ್ಲ ಬಾಗಿ ಕಳೆ ತೆಗೆದು, ಸಂಜೆ ರೊಟ್ಟಿ ಬಡಿಯುತ್ತಾರೆ. ನೋವೆಂದರೆ 'ಕಾಯಕವೇ ಕೈಲಾಸ' ಎಂದು ಬುದ್ಧಿ ಹೇಳುವವರಿದ್ದಾರೆ. ಒಬ್ಬರ ಬೆನ್ನು ಮುರಿದು ಉಳಿದವರು ಕೂತು ಉಣ್ಣುವುದಕ್ಕೆ ಕಾಯಕವೆಂಬ ಹೆಸರು ಸಲ್ಲದು. ಒಂದು ಕೊಡ ಗಂಡ ಹೊರಲಿ, ಒಂದು ಮಗ ಹೊರಲಿ. ನಿಂತು ಕಳೆ ತೆಗೆಯುವ ಉದ್ದ ಹಿಡಿಕೆಯ ಸಾಧನ ಮನೆಗೆ ಬರಲಿ. ವ್ಯಾಯಾಮಕ್ಕೆ, ನಡಿಗೆಗೆ ದಿನಕ್ಕೆ ಅರ್ಧ ಗಂಟೆ ಆಕೆಗೆ ಬಿಡುವು ಸಿಗಲಿ. ಇದು ಆಕೆಯ ಚಿಕಿತ್ಸೆಯ ಭಾಗವೇ.

ಮಠಗಳಲ್ಲಿಯೂ ನಮ್ಮ ಬಿನ್ನಹ: ತಿಂಗಳ ಗೋಷ್ಠಿಗೆ ಒಬ್ಬ ಫಿಸಿಯೋಥೆರಪಿಸ್ಟರನ್ನು ಕರೆಸಿ, ಒಂದು ತಾಸು ಬಾಗುವ, ಎತ್ತುವ, ಸೊಂಟ ಬಲಪಡಿಸುವ ಕ್ರಮ ಕಲಿಸೋಣ. ಪ್ರಸಾದದ ಜೊತೆಗೆ ಈ ಅರಿವೂ ದಾಸೋಹವಾಗಲಿ.