ಮಗುವಿನ ಜ್ವರ ಸಂಜೆಯ ಹಾಲಿಗೆ ಕಾಯಬಾರದು



ಹಸು ಬೆಳಿಗ್ಗೆ ಮೇವು ಮುಟ್ಟದಿದ್ದರೆ, ಮೆಲುಕು ಹಾಕದೆ ಕಿವಿ ಜೋಲಿಸಿ ನಿಂತರೆ ನಾವು ಮಧ್ಯಾಹ್ನದವರೆಗೆ ಕಾಯುವುದಿಲ್ಲ. ಕಾರ್ಯದರ್ಶಿಗೆ ಹೇಳಿ ಪಶುವೈದ್ಯರನ್ನು ಕರೆಸುತ್ತೇವೆ. ಮಗುವಿಗೆ ಜ್ವರ ಬಂದಾಗ ಮಾತ್ರ "ಸಂಜೆ ಹಾಲು ಹಾಕಿ ಬಂದು ನೋಡೋಣ" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಮಕ್ಕಳ ಜ್ವರಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ, ನಿಜ. ಎಲ್ಲ ಜ್ವರಕ್ಕೂ ಗಾಬರಿ ಬೇಡ. ಆದರೆ ಕಾಯಬಾರದ ಜ್ವರ ಯಾವುದೆಂದು ಪ್ರತಿ ಹೈನುಗಾರ ಕುಟುಂಬಕ್ಕೂ ಗೊತ್ತಿರಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಅಳತೆಯ ಮಾತು. ಹಸುವಿನ ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಅದು ಆರೋಗ್ಯದ ಲಕ್ಷಣ. ಮಗುವಿಗೆ 100.4 ಮುಟ್ಟಿದರೇ ಜ್ವರ. ಹಣೆ ಮುಟ್ಟಿ ಹೇಳುವ ಅಂದಾಜು ತಪ್ಪಬಹುದು. ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ಬಳಸುವುದನ್ನು ಮಗುವಿಗೆ ಬಳಸಬೇಡಿ.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಬೇರೆ ಲಕ್ಷಣ ಹುಡುಕುತ್ತಾ ಕೂರಬಾರದು. ರಾತ್ರಿಯಾಗಿದ್ದರೂ ಆಗಲೇ ಆಸ್ಪತ್ರೆಗೆ ಹೊರಡಬೇಕು. ಕೂಸಿನ ಮೈ ತಣ್ಣಗಾಗಿ, ಮೊಲೆ ಚೀಪುವುದನ್ನು ಬಿಟ್ಟರೂ ಅಷ್ಟೇ ಅಪಾಯ.

ದೊಡ್ಡ ಮಕ್ಕಳಲ್ಲಿ ಡಿಗ್ರಿಗಿಂತ ಮಗು ಹೇಗಿದೆ ಎಂಬುದು ಮುಖ್ಯ. 102 ಇದ್ದರೂ ನೀರು ಕುಡಿದು, ಔಷಧಿ ಕೊಟ್ಟ ಮೇಲೆ ಆಡುವ ಮಗುವನ್ನು ಮನೆಯಲ್ಲೇ ಗಮನಿಸಬಹುದು. 101 ಇದ್ದರೂ ಕೆಳಗಿನ ಯಾವುದಾದರೂ ಒಂದು ಕಂಡರೆ ತಡಮಾಡಬೇಡಿ:

- ಏನನ್ನೂ ಕುಡಿಯದಿರುವುದು, ಅಥವಾ ಕುಡಿದದ್ದೆಲ್ಲ ವಾಂತಿಯಾಗುವುದು
- ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಕತ್ತು ಬಿಗಿಯುವುದು
- ಉಸಿರಾಡುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುವುದು
- ಆರೇಳು ಗಂಟೆ ಮೂತ್ರ ಹೋಗದಿರುವುದು
- ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆಗಳು, ಮೂಗು-ವಸಡಿನಲ್ಲಿ ರಕ್ತ

ಮಗು ಶಾಂತವಾಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಡೆಂಗ್ಯೂನಲ್ಲಿ ಅಪಾಯ ಹೆಚ್ಚುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿನಲ್ಲಿ. ಮೈ ತಣ್ಣಗಾಯಿತೆಂದು ನೆಮ್ಮದಿಯಾಗುವಾಗಲೇ ಹೊಟ್ಟೆನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಕೂಡಲೇ ಕರೆದೊಯ್ಯಿರಿ. ಬೇರೆ ತೊಂದರೆ ಇಲ್ಲದಿದ್ದರೂ ಮೂರು ದಿನ ಮೀರಿದ ಜ್ವರವನ್ನು ವೈದ್ಯರಿಗೆ ತೋರಿಸಲೇಬೇಕು.

ನಮ್ಮ ಕಸುಬಿಗೆ ಸೇರಿದ ಜ್ವರವೂ ಒಂದಿದೆ. ಬ್ರುಸೆಲ್ಲಾ ಸೋಂಕು, ಅಂದರೆ ಕಂದು ಹಾಕುವ ರೋಗ, ಹಸಿ ಹಾಲಿನಿಂದ ಮತ್ತು ಕಂದು ಹಾಕಿದ ರಾಸಿನ ಸತ್ತೆಯಿಂದ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ವಾರಗಟ್ಟಲೆ ಜ್ವರ, ಬೆವರು, ಕೀಲುನೋವು ಅದರ ಲಕ್ಷಣ. ಮನೆಯಲ್ಲಿ ದನ ಇದೆ, ಇಂಥ ತಿಂಗಳಲ್ಲಿ ಕಂದು ಹಾಕಿತ್ತು, ಮಗು ಹಸಿ ಹಾಲು ಕುಡಿದಿದೆ ಎಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಮಲೆನಾಡಿನವರು ಕಾಡಿಗೆ ಹೋಗಿದ್ದನ್ನು, ಉಣ್ಣೆ ಕಚ್ಚಿದ್ದನ್ನು, ಸುತ್ತಮುತ್ತ ಮಂಗ ಸತ್ತಿದ್ದನ್ನು ತಿಳಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಇದೆ.

ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಡುವುದಾದರೆ ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಕೇಳಿ ತಿಳಿದು ಕೊಡಿ. ಆಸ್ಪಿರಿನ್ ಬೇಡ, ಹಿಂದೆ ಉಳಿದ ಆಂಟಿಬಯೋಟಿಕ್ ಬೇಡ, ಕಂಬಳಿ ಹೊದಿಸಿ ಬೆವರಿಸುವುದೂ ಬೇಡ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ 108ಕ್ಕೆ ಕರೆ ಮಾಡಿ.

ಇದರಲ್ಲಿ ಸಂಘಗಳ ಪಾಲೂ ಇದೆ. ದಿನಕ್ಕೆರಡು ಸಲ ಊರೇ ಸೇರುವ ಜಾಗ ನಮ್ಮ ಡೈರಿ. ಹಾಲಿನ ದರಪಟ್ಟಿಯ ಪಕ್ಕದಲ್ಲಿ ಈ ಲಕ್ಷಣಗಳನ್ನೂ 108 ಹಾಗೂ ಆಶಾ ಕಾರ್ಯಕರ್ತೆಯ ನಂಬರನ್ನೂ ಬರೆದು ಹಾಕಲು ಹೆಚ್ಚು ಖರ್ಚಿಲ್ಲ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದವರ ಹಸು ಕರೆದು ಹಾಲು ಹಾಕಲು ನೆರೆಯವರು ಮುಂದೆ ಬಂದರೆ ಯಾರೂ ಸಂಜೆಯವರೆಗೆ ಕಾಯಬೇಕಾಗಿಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯವನ್ನು ದಯವಿಟ್ಟು ಚರ್ಚೆಗೆ ತನ್ನಿ.