ಎಡಬದಿಯ ಪಾಠ: ಒಂದು ತಪ್ಪೊಪ್ಪಿಗೆ

‘ರಸ್ತೆಯಲ್ಲಿ ಎಡಬದಿಯಲ್ಲೇ ನಡೆಯಬೇಕು’ ಎಂಬ ವಾಕ್ಯವನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಮಕ್ಕಳು ಕಂಠಪಾಠ ಮಾಡಿದರು. ನಾನು ಅಂಕ ಕೊಟ್ಟೆ. ಆ ಪಾಠ ತಪ್ಪೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಕಾನಸೂರಿನ ಪೇಟೆ ದಾಟಿ ಶಿರಸಿಯ ಕಡೆಗಾಗಲಿ ಸಿದ್ದಾಪುರದ ಕಡೆಗಾಗಲಿ ಮಳೆಗಾಲದಲ್ಲಿ ನಡೆದು ನೋಡಿ. ಡಾಂಬರು ಮುಗಿದಲ್ಲಿ ಕೆಸರು, ಅದರಾಚೆ ಚರಂಡಿ, ಅದರ ಮೇಲೆ ಬಾಗಿದ ಗಿಡಗಂಟಿ. ಕೊಡೆಯ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಹಿಂದಿನ ವಾಹನದ ಸದ್ದು ಕೇಳಿಸದು. ಅಂಥದೇ ಒಂದು ಸಂಜೆ ನನ್ನ ವಿದ್ಯಾರ್ಥಿಯೊಬ್ಬನಿಗೆ ಹಿಂದಿನಿಂದ ಬಂದ ವಾಹನದ ಕನ್ನಡಿ ತಗುಲಿ, ಅವನು ಚರಂಡಿಗೆ ಬಿದ್ದು ಕೈ ಮುರಿದುಕೊಂಡ. ನೋಡಲು ಹೋದಾಗ ಅವನೆಂದದ್ದು ಇಷ್ಟೇ: “ಮಾಸ್ತರೇ, ನಾನು ಎಡಗಡೆಯೇ ಇದ್ದೆ.” ನನ್ನಲ್ಲಿ ಉತ್ತರವಿರಲಿಲ್ಲ.

ಎಡಬದಿ ವಾಹನಗಳಿಗಿರುವ ನಿಯಮ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಅದನ್ನೇ ಪಾಲಿಸುವ ಪಾದಚಾರಿ ತನ್ನ ಬೆನ್ನನ್ನು ವಾಹನಕ್ಕೆ ಒಪ್ಪಿಸಿದಂತೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ತಿರುವಿನಲ್ಲಿ 50 ಮೀಟರ್ ಕಂಡರೆ ದೊರೆಯುವುದು ಮೂರು ಸೆಕೆಂಡು. ಬಲಬದಿಯಲ್ಲಿ ನಡೆಯುವವನು ಎದುರಿನ ವಾಹನವನ್ನು ಕಂಡು ಆ ಮೂರು ಸೆಕೆಂಡಿನಲ್ಲಿ ಪಕ್ಕಕ್ಕೆ ಸರಿಯಬಲ್ಲ. ಎಡಬದಿಯವನಿಗೆ ಒಂದೂ ಇಲ್ಲ.

‘ಇದು ಪರದೇಶದ ಮಾತು, ಮಕ್ಕಳಿಗೆ ಗೊಂದಲ’ ಎನ್ನುವವರಿದ್ದಾರೆ. ನಮ್ಮಂತೆಯೇ ಎಡಕ್ಕೆ ವಾಹನ ನಡೆಸುವ ಬ್ರಿಟನ್ನಿನ ‘ಹೈವೇ ಕೋಡ್’ ಕೂಡ ಕಾಲುದಾರಿಯಿಲ್ಲದಲ್ಲಿ ಬಲಕ್ಕೆ, ವಾಹನಗಳಿಗೆ ಎದುರಾಗಿ ನಡೆಯಲು ಹೇಳುತ್ತದೆ. ಬಲಕ್ಕೆ ಕಡಿದಾದ ತಿರುವಿದ್ದರೆ ಮೊದಲೇ ರಸ್ತೆ ದಾಟಿ ಎಡಕ್ಕೆ ಸೇರಲು ಸೂಚಿಸುತ್ತದೆ. ಒಬ್ಬರ ಹಿಂದೊಬ್ಬರು ನಡೆಯುವುದು, ಕತ್ತಲಲ್ಲಿ ಬಿಳಿಯ ಬಟ್ಟೆ ತೊಟ್ಟು ಬ್ಯಾಟರಿ ಹಿಡಿಯುವುದು ಇದರ ಜೊತೆಗಿನ ಪಾಠ. ಮಗ್ಗಿ ಕಲಿತ ಮಕ್ಕಳಿಗೆ ಇದು ಕಷ್ಟವೇ?

ಆದರೆ ಹೊಣೆಯೆಲ್ಲವನ್ನೂ ನಡೆಯುವವನ ಹೆಗಲಿಗೆ ಹೊರಿಸುವುದು ಅನ್ಯಾಯ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಅವರೆಲ್ಲರೂ ಅಜಾಗರೂಕರೆಂದು ನಾನು ನಂಬಲಾರೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 198ಎ ಕಲಮು ಸೇರಿತು. ಡಾಂಬರನ್ನು ಚರಂಡಿಯ ಅಂಚಿನವರೆಗೆ ಎಳೆದು ‘ರಸ್ತೆ ಅಗಲವಾಯಿತು’ ಎಂದು ಹಿಗ್ಗುವವರು ಅದನ್ನೊಮ್ಮೆ ಓದಲಿ. ಮೂರಡಿ ಗಟ್ಟಿನೆಲ, ಜೂನ್ ತಿಂಗಳಿಗೆ ಮುನ್ನ ಗಿಡಗಂಟಿ ಸವರುವುದು: ಇದೇನೂ ದೊಡ್ಡ ಬೇಡಿಕೆಯಲ್ಲ.

ಅದಾಗುವವರೆಗೆ ಶಿಕ್ಷಕ ಮಿತ್ರರು ಕರಿಹಲಗೆಯ ಆ ಒಂದು ಪದವನ್ನಾದರೂ ಒರೆಸಿ ‘ಬಲಬದಿ’ ಎಂದು ಬರೆಯಲಿ. ನಾನು ಬರೆಯದೆ ಉಳಿದದ್ದು ಅದು.