ಬಚ್ಚಲ ಹೊಗೆ ಎಲ್ಲಿಗೆ ಹೋಯಿತು?

ಮಳೆಗಾಲ ಬಂತೆಂದರೆ ಮುಂಡಾಜೆಯಲ್ಲಿ ನನ್ನ ಬಳಿಗೆ ಬರುವವರಲ್ಲಿ ದಮ್ಮಿನವರೇ ಹೆಚ್ಚು. ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿಗೆ ಎರಡು ಮಳೆಗಾಲ ಇನ್‌ಹೇಲರ್ ಬರೆದುಕೊಟ್ಟೆ, ಕೆಮ್ಮು ಇಳಿಯಲಿಲ್ಲ. ಒಂದು ದಿನ ಅವರ ಮನೆಗೇ ಹೋಗಬೇಕಾಯಿತು. ಬಚ್ಚಲ ಒಲೆಯಲ್ಲಿ ಒದ್ದೆ ಮಡಲು, ಅಡಿಕೆ ಹಾಳೆ, ತೆಂಗಿನ ಸಿಪ್ಪೆ ಹೊಗೆಯಾಡುತ್ತಿದ್ದವು. ಅಜ್ಜಿ ಎದುರಿಗೆ ಕೂತು ಊದುತ್ತಿದ್ದರು. “ನೀವು ಇದನ್ನು ಕೇಳಲೇ ಇಲ್ಲವಲ್ಲ ಡಾಕ್ಟ್ರೇ” ಎಂದರು. ನಿಜ, ಕೇಳಿರಲಿಲ್ಲ. ಮಗ ಕರೆಂಟಿನ ಗೀಸರ್ ಹಾಕಿಸಿದ ಮೇಲೆ ಅಜ್ಜಿಗೆ ರಾತ್ರಿ ಮಲಗಿ ನಿದ್ದೆ ಮಾಡಲು ಸಾಧ್ಯವಾಯಿತು.

ಅಂದಿನಿಂದ ಎಲ್ಲರಿಗೂ ನನ್ನದು ಒಂದೇ ಸಲಹೆ: ಒಲೆ ಬಿಡಿ, ಕರೆಂಟೋ ಗ್ಯಾಸೋ ಹಾಕಿಸಿ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಜ್ಜಿಯ ಬಚ್ಚಲಿನಿಂದ ಹೊಗೆ ಹೋಯಿತು. ಹೋದದ್ದು ಎಲ್ಲಿಗೆ?

ನಮ್ಮ ತಂತಿಯಲ್ಲಿ ಬರುವ ಕರೆಂಟಿನಲ್ಲಿ ಶರಾವತಿಯ ನೀರಿನದ್ದೂ ಇದೆ, ಕಲ್ಲಿದ್ದಲಿನದ್ದೂ ಇದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಪಕ್ಕದ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವಾಟ್ ಸ್ಥಾವರವಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಿಂದ 45 ಪಾಲು ಬೂದಿ. ಹೊಗೆಯಲ್ಲಿ ಗಂಧಕದ ಅನಿಲವೂ, ಕೂದಲೆಳೆಯ ಇಪ್ಪತ್ತನೇ ಒಂದು ಪಾಲಿನಷ್ಟೂ ದಪ್ಪವಿಲ್ಲದ ಕಣಗಳೂ ಇರುತ್ತವೆ. ಮೂಗಿನ ರೋಮ ಇವನ್ನು ತಡೆಯಲಾರದು. ಶ್ವಾಸಕೋಶದ ಕೊನೆಯ ಗೂಡಿಗೆ ಇಳಿದು ರಕ್ತಕ್ಕೂ ಸೇರುತ್ತವೆ. ದಮ್ಮಷ್ಟೇ ಅಲ್ಲ, ಹೃದಯಾಘಾತ, ಲಕ್ವದ ಅಪಾಯವೂ ಹೆಚ್ಚುತ್ತದೆ. ಚಿಮಣಿಗಳಿಗೆ ಶೋಧಕಗಳಿವೆ, ಒಪ್ಪುತ್ತೇನೆ. ಆದರೆ ಎಲ್ಲವೂ ಅಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಕಾನೂನಿನಲ್ಲಿ ಒಂದು ಮದ್ದಿದೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ, ಕರೆಂಟು ಸರಬರಾಜು ಮಾಡುವ ಕಂಪೆನಿ ಇಷ್ಟು ಪಾಲನ್ನು ಗಾಳಿ, ಬಿಸಿಲು, ಕಿರು ಜಲವಿದ್ಯುತ್ತಿನಂಥ ಮೂಲಗಳಿಂದಲೇ ಕೊಳ್ಳಬೇಕೆಂದು ರಾಜ್ಯದ ಆಯೋಗ ವಿಧಿಸಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲೇ ಕನಿಷ್ಠ ಶೇ. 5 ಎಂದಿತು. 2011ರಲ್ಲಿ ನಮ್ಮ ಮೆಸ್ಕಾಂಗೆ ಶೇ. 10, ಜೊತೆಗೆ ಬಿಸಿಲಿನದ್ದು ಶೇ. 0.25. ಈಗ ಕೇಂದ್ರ ಸರ್ಕಾರ 2029-30ಕ್ಕೆ ಇಟ್ಟ ಗುರಿ ಶೇ. 43.33. ನಮ್ಮ ರಾಜ್ಯಕ್ಕೆ ಇದು ಕನಸೇನಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವಾಟಿನದು.

ನನ್ನ ತಕರಾರು ಲೆಕ್ಕ ಹಾಕುವ ರೀತಿಯ ಮೇಲೆ. ಒಂದು, ಲೆಕ್ಕ ವರ್ಷದ್ದು. ಮಾರ್ಚ್-ಏಪ್ರಿಲ್‌ನ ಸಂಜೆ ಏಳಕ್ಕೆ ಬಿಸಿಲಿಲ್ಲ, ಜಲಾಶಯದ ನೀರನ್ನು ಜೋಪಾನ ಮಾಡಬೇಕು; ಆಗ ಬಹುಮಟ್ಟಿಗೆ ಕಲ್ಲಿದ್ದಲೇ ಗತಿ. ಹಗಲಿನ ಬಿಸಿಲು ವರ್ಷದ ಲೆಕ್ಕವನ್ನು ಸರಿಮಾಡಬಹುದು, ಆದರೆ ಯಾರೂ ವರ್ಷದ ಸರಾಸರಿಯನ್ನು ಉಸಿರಾಡುವುದಿಲ್ಲ. ಎರಡು, ಕೊರತೆಯಾದರೆ ಸಾವಿರ ಯೂನಿಟ್ಟಿಗೊಂದರಂತೆ ಪ್ರಮಾಣಪತ್ರ ಕೊಂಡು ತುಂಬಿಸಬಹುದು. ಎಲ್ಲೋ ಒಂದು ಕಡೆ ಗಾಳಿಯಂತ್ರ ತಿರುಗಿದ್ದು ನಿಜವೇ ಇರಬಹುದು. ಇಲ್ಲಿಯ ಕುಲುಮೆ ಆರಿತೇ? ನಾನು ಬರೆದ ಮಾತ್ರೆಯನ್ನು ಬೇರೆಯವರು ನುಂಗಿ, ರೋಗಿ ನನಗೆ ಅಂಗಡಿಯ ರಶೀದಿ ತೋರಿಸಿದಂತಾಯಿತು.

ಸಂಜೆಗೆ ಬ್ಯಾಟರಿಯಲ್ಲೋ ಮೇಲಿನ ಕೆರೆಗೆ ನೀರೆತ್ತಿಯೋ ಹಗಲಿನ ಕರೆಂಟನ್ನು ಕೂಡಿಟ್ಟುಕೊಳ್ಳಬೇಕು. ಖರ್ಚಿದೆ. ಆದರೆ ಇನ್‌ಹೇಲರಿಗೂ, ಆಸ್ಪತ್ರೆಯ ಆಮ್ಲಜನಕಕ್ಕೂ ಖರ್ಚಿದೆ. ಅದು ಕರೆಂಟು ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ. (2023ರ ಗೃಹಜ್ಯೋತಿಯ ನಂತರ ಬಿಲ್ಲನ್ನೇ ನೋಡದ ಮನೆಗಳೂ ಇವೆ!)

ದರ ನಿಗದಿಗೆ ಮೊದಲು ಆಯೋಗ ಜನರ ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ದರ ಏರಿಸಬೇಡಿ ಎನ್ನುವವರು ಬೇಕಾದಷ್ಟು ಜನ. ಸಂಜೆಯ ಕರೆಂಟಿನಲ್ಲಿ ಕಲ್ಲಿದ್ದಲಿನದ್ದೆಷ್ಟು, ಪ್ರಮಾಣಪತ್ರ ಎಷ್ಟು ಕೊಂಡಿರಿ ಎಂದು ನೀವೂ ಒಂದು ಕಾಗದ ಬರೆಯಿರಿ; ನಾನಂತೂ ಬರೆಯುವವನಿದ್ದೇನೆ. ಮನೆಯ ಮಟ್ಟಿಗೆ, ಬಿಸಿಲಿರುವ ತಿಂಗಳುಗಳಿಗಾದರೂ ಸ್ನಾನದ ನೀರಿಗೆ ಸೋಲಾರ್ ಹಾಕಿಸಿ. ಮಳೆಗಾಲಕ್ಕೆ ಒಲೆಯೇ ಬೇಕೆಂದಾದರೆ ಸೌದೆ ಒಣಗಿರಲಿ, ಹೊಗೆಗೂಡು ಮಾಡಿಗಿಂತ ಮೇಲೆ ಹೋಗಿರಲಿ, ದಮ್ಮಿರುವವರನ್ನು ಒಲೆಯ ಮುಂದೆ ಕೂರಿಸಬೇಡಿ.